ಹೊರಗೆ ಉಳಿದ ಕುರುಬ

ಪ್ರತಿವರ್ಷ ಜನವರಿ 6ರ ಸಂಜೆ ನಮ್ಮ ಮನೆಯಲ್ಲಿ ಗೋದಲಿ ಬಿಚ್ಚುವ ಕೆಲಸ. ಮೂಡಣ ದೇಶದ ಜೋಯಿಸರು ಮಗು ಯೇಸುವಿಗೆ ಚಿನ್ನ, ಧೂಪ, ರಕ್ತಬೋಳಗಳನ್ನು ಕಾಣಿಕೆಯಾಗಿ ಕೊಟ್ಟದ್ದನ್ನು ನೆನೆಯುವ ದಿನ ಅದು. ಅಲ್ಲಿಗೆ ಕ್ರಿಸ್ಮಸ್ ಮುಗಿಯಿತೆಂದು ನಮ್ಮ ಲೆಕ್ಕ. ಅಷ್ಟು ಹೊತ್ತಿಗೆ ಕುಸ್ವಾರಿನ ಡಬ್ಬಗಳ ತಳದಲ್ಲಿ ಒಂದೆರಡು ಚಕ್ಕುಲಿ ಚೂರು, ಸಕ್ಕರೆ ಮೆತ್ತಿದ ನಾಲ್ಕು ಕಿಡಿಯೊ ಮಾತ್ರ ಉಳಿದಿರುತ್ತವೆ. ಬಾಗಿಲಲ್ಲಿ ತೂಗಿದ ನಕ್ಷತ್ರದ ಕಾಗದವೂ ಬಣ್ಣ ಕಳೆದುಕೊಂಡಿರುತ್ತದೆ.

ಈ ಸಲ ಐದನೇ ಕ್ಲಾಸಿನ ಮೊಮ್ಮಗಳು ಒಂದೊಂದೇ ಗೊಂಬೆ ಎತ್ತಿ ಕೊಡುತ್ತಿದ್ದಳು. ನಾನು ಹಳೆಯ ಪೇಪರಿನಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಗೆ ಇಳಿಸುತ್ತಿದ್ದೆ. ಕತ್ತೆ ಆಯಿತು, ದನ ಆಯಿತು, ಮೂವರು ಜೋಯಿಸರೂ ಆದರು. ಮಗು ಯೇಸುವಿನ ಗೊಂಬೆ ಕೈಗೆ ಬಂದಾಗ ಅವಳು ಕೊಡಲಿಲ್ಲ.

"ಅಜ್ಜಾ, ಯೇಸುವನ್ನು ಅಟ್ಟಕ್ಕೆ ಹಾಕಿದ್ರೆ ಮುಂದಿನ ಡಿಸೆಂಬರ್‌ವರೆಗೆ ನಮ್ಮನೆಯಲ್ಲಿ ಯಾರಿರ್ತಾರೆ?"

"ಅಟ್ಟಕ್ಕೆ ಹೋಗುವುದು ಗೊಂಬೆ ಮಗಾ. ಯೇಸು ಇಲ್ಲೇ ಇರ್ತಾನೆ" ಎಂದೆ.

"ಇದ್ದಾನೆ ಅಂತ ಗೊತ್ತಾಗುವುದು ಹೇಗೆ?"

ಇಷ್ಟು ವರ್ಷ ಚರ್ಚಿಗೆ ಹೋದ ನನಗೆ ಉತ್ತರ ಹೊಳೆಯಲಿಲ್ಲ. ಉತ್ತರದ ಬದಲು ಒಂದು ಹಳೆಯ ಸಂಗತಿ ನೆನಪಾಯಿತು. ಅದನ್ನು ನಾನು ನನ್ನ ಹೆಂಡತಿಗೂ ಹೇಳಿರಲಿಲ್ಲ. ಅಂದು ಮೊಮ್ಮಗಳಿಗೆ ಹೇಳಿದೆ.

1981ರ ಡಿಸೆಂಬರ್ 24. ಆಗ ನಾನು ದಕ್ಷಿಣ ಕನ್ನಡದ ಒಂದು ಸಣ್ಣ ಊರಿನ ಬ್ಯಾಂಕಿನಲ್ಲಿ ಗುಮಾಸ್ತ. ಕಂಪ್ಯೂಟರ್ ಇಲ್ಲದ ಕಾಲ. ದಪ್ಪ ಲೆಡ್ಜರುಗಳು, ಹಿತ್ತಾಳೆಯ ಟೋಕನ್‌ಗಳು. ಮಧ್ಯಾಹ್ನ 2 ಗಂಟೆಗೆ ಕೌಂಟರ್ ಬಂದ್. ಆ ರಾತ್ರಿ ದೇವಾಲಯದಲ್ಲಿ ಲೂಕನ ಸುವಾರ್ತೆಯ ಎರಡನೇ ಅಧ್ಯಾಯ ಓದುವ ಪಾಳಿ ನನ್ನದು. ಬೇಗ ಮನೆ ಸೇರಿ ನಾಲ್ಕು ಸಲ ಗಟ್ಟಿಯಾಗಿ ಓದಿ ಅಭ್ಯಾಸ ಮಾಡಬೇಕೆಂಬ ಆತುರ ನನಗೆ.

ಎರಡಕ್ಕೆ ಹತ್ತು ನಿಮಿಷ ಇರುವಾಗ ಬೀಡಿ ಕಟ್ಟುವ ಒಬ್ಬ ಅಜ್ಜಿ ಪಾಸ್‌ಬುಕ್ ಹಿಡಿದು ಬಂದರು. ಅವರಿಗೆ ಬೇಕಾದದ್ದು 25 ರೂಪಾಯಿ. ಅವರದು ಹೆಬ್ಬೆಟ್ಟಿನ ಖಾತೆ. ಸ್ಲಿಪ್ ನಾವೇ ಬರೆಯಬೇಕು, ಫೋಟೋ ನೋಡಿ ಗುರುತು ಹಿಡಿಯಬೇಕು, ಆಫೀಸರರ ಎದುರಿಗೆ ಹೆಬ್ಬೆಟ್ಟು ಒತ್ತಿಸಬೇಕು. ಹತ್ತು ನಿಮಿಷದಲ್ಲಿ ಆಗದ ಕೆಲಸವೇನಲ್ಲ. ಆದರೂ ನಾನು ಗಡಿಯಾರ ತೋರಿಸಿ, "ಇವತ್ತು ಆಗುವುದಿಲ್ಲ. ಹಬ್ಬ ಮುಗಿಸಿ ಬನ್ನಿ" ಎಂದುಬಿಟ್ಟೆ. ಅವರು ಒಂದು ಗಳಿಗೆ ನಿಂತರು. ಆಮೇಲೆ ಪಾಸ್‌ಬುಕ್ಕನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದರು.

ಆ ರಾತ್ರಿ ನಾನು ಒಂದು ಅಕ್ಷರವೂ ತಪ್ಪದೆ ಓದಿದೆ. ಛತ್ರದಲ್ಲಿ ಸ್ಥಳವಿಲ್ಲದೆ ಮರಿಯಳು ಮಗುವನ್ನು ಗೋದಲಿಯಲ್ಲಿ ಮಲಗಿಸಿದ ಭಾಗವನ್ನಂತೂ ಧ್ವನಿ ತಗ್ಗಿಸಿ, ನಿಧಾನವಾಗಿ ಓದಿದೆ. ಎಲ್ಲರೂ ಹೊಗಳಿದರು. ಅಜ್ಜಿಯ ನೆನಪು ನನಗೆ ಬರಲೇ ಇಲ್ಲ.

ಜನವರಿ ಮೊದಲ ವಾರ ಆ ಅಜ್ಜಿ ಮತ್ತೆ ಬಂದರು. ಹಣ ತೆಗೆಯಲು ಅಲ್ಲ, 10 ರೂಪಾಯಿ ಕಟ್ಟಲು. "ನಿಮ್ಮ ಹಬ್ಬ ಚೆನ್ನಾಗಿ ಆಯ್ತಾ?" ಎಂದು ತುಳುವಿನಲ್ಲಿ ಅವರೇ ಮೊದಲು ಕೇಳಿದರು. "ಅವತ್ತಿನ ಹಣ ಬೇಡವೇ ಅಜ್ಜಿ?" ಎಂದೆ.

"ಮೊಮ್ಮಗಳನ್ನು ಶಾಲೆಯಿಂದ ಮೈಸೂರಿಗೆ ಕರೆದುಕೊಂಡು ಹೋಗುವುದಿತ್ತು. ದುಡ್ಡು ಕಟ್ಟಲು ಅವತ್ತೇ ಕಡೆಯ ದಿನ. ಇರಲಿ ಬಿಡಿ, ಮೈಸೂರು ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ" ಎಂದು ನಕ್ಕರು.

ಮಾತಿನಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ನಾನೂ ಎದುರು ಹೇಳಿ ಹಗುರಾಗುತ್ತಿದ್ದೆನೋ ಏನೋ. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ತಲೆ ತಗ್ಗಿಸಿ ಪಾಸ್‌ಬುಕ್ಕಿನಲ್ಲಿ ಹತ್ತು ರೂಪಾಯಿ ಬರೆದೆ. ಸಾಯಂಕಾಲ ಎಲ್ಲರ ನಗದೂ ಪೈಸೆ ಪೈಸೆ ತಾಳೆಯಾಯಿತು. ನನ್ನದೊಂದು ಲೆಕ್ಕ ಮಾತ್ರ ತಾಳೆಯಾಗಲಿಲ್ಲ. ಅಂದಿನಿಂದ ನಿವೃತ್ತನಾಗುವವರೆಗೆ, ಎರಡು ಗಂಟೆಯೊಳಗೆ ಬಾಗಿಲು ದಾಟಿ ಬಂದ ಯಾರನ್ನೂ ನಾನು ಹಿಂದೆ ಕಳಿಸಲಿಲ್ಲ. ಆದರೆ ಆ ಹುಡುಗಿ ಕಳೆದುಕೊಂಡ ಪ್ರವಾಸವನ್ನು ಹಿಂದಕ್ಕೆ ತರಲು ಅದರಿಂದ ಆಗುವುದಿಲ್ಲ.

ಮೊಮ್ಮಗಳು ಸುಮ್ಮನೆ ಕೇಳಿದಳು. ಕೊನೆಗೆ, "ಆಮೇಲೆ ಅವಳು ಮೈಸೂರು ನೋಡಿದಳಾ ಅಜ್ಜಾ?" ಎಂದಳು.

"ಗೊತ್ತಿಲ್ಲ ಮಗಾ. ಕೇಳುವ ಧೈರ್ಯ ಆಗಲಿಲ್ಲ."

ಆಮೇಲೆ ಇಬ್ಬರೂ ಬೈಬಲ್ ತೆಗೆದು ಲೂಕನ ಎರಡನೇ ಅಧ್ಯಾಯವನ್ನು ಮತ್ತೆ ಓದಿದೆವು. ಕುರುಬರು ಮಗುವನ್ನು ನೋಡಿದ ಮೇಲೆ ಗೋದಲಿಯ ಹತ್ತಿರವೇ ಕುಳಿತುಬಿಡಲಿಲ್ಲ. ದೇವರನ್ನು ಕೊಂಡಾಡುತ್ತಾ ಹಿಂದಿರುಗಿ ಹೋದರು. ಮರುದಿನವೂ ಅವರಿಗೆ ಅದೇ ಕುರಿ, ಅದೇ ಚಳಿ. ಕಥೆ ಅಲ್ಲಿಗೂ ನಿಲ್ಲುವುದಿಲ್ಲ. ಮಗುವನ್ನು ಯೆರೂಸಲೇಮಿನ ದೇವಾಲಯಕ್ಕೆ ತಂದಾಗ ಎತ್ತಿಕೊಂಡು ಹರಸಿದವನು ಸಿಮೆಯೋನ. ಅದೇ ಗಳಿಗೆಗೆ ಅಲ್ಲಿಗೆ ಬಂದವಳು 84 ವರ್ಷದ ಅನ್ನಳು. "ಅಂದ್ರೆ ನಿನಗಿಂತ ದೊಡ್ಡವಳು!" ಎಂದು ಮೊಮ್ಮಗಳಿಗೆ ಖುಷಿ. ಆ ದಿನವನ್ನು ನೆನೆಯುವ ಹಬ್ಬ ಬರುವುದು ಫೆಬ್ರುವರಿ 2ಕ್ಕೆ, ಕ್ರಿಸ್ಮಸ್ ದಿನವನ್ನೂ ಸೇರಿಸಿ ಎಣಿಸಿದರೆ ನಲವತ್ತನೇ ದಿನ. ಅಷ್ಟು ಹೊತ್ತಿಗೆ ನಮ್ಮ ನಕ್ಷತ್ರಗಳೆಲ್ಲ ಅಟ್ಟ ಸೇರಿರುತ್ತವೆ.

ಕೊನೆಗೆ ಮಗು ಯೇಸುವಿನ ಗೊಂಬೆ ಪೆಟ್ಟಿಗೆಗೆ ಹೋಯಿತು. ಆದರೆ ಮೊಮ್ಮಗಳು ಕುರಿಮರಿ ಹೊತ್ತ ಕುರುಬನ ಗೊಂಬೆಯನ್ನು ಕೊಡಲಿಲ್ಲ. "ಇವನು ಕೆಲಸಕ್ಕೆ ಹೋಗಬೇಕಲ್ಲ" ಎಂದು ಕ್ಯಾಲೆಂಡರಿನ ಕೆಳಗೆ ಮೇಜಿನ ಮೇಲೆ ನಿಲ್ಲಿಸಿದಳು.

ಅವನನ್ನು ನೋಡಿದಾಗಲೆಲ್ಲ ಇವತ್ತಿನ ಕೆಲಸವೇನು ಎಂದು ಕೇಳಿಕೊಳ್ಳುವುದು ನಮ್ಮಿಬ್ಬರ ಒಪ್ಪಂದ. ಮೊದಲ ಕೆಲಸ ತಾನಾಗಿಯೇ ಸಿಕ್ಕಿತು. ಪಕ್ಕದ ಮನೆಯಲ್ಲಿ ಒಬ್ಬರೇ ಇರುವ ಅಮ್ಮನವರಿಗೆ ಹಬ್ಬಕ್ಕೆ ಕುಸ್ವಾರು ಕೊಟ್ಟ ತಟ್ಟೆ ವಾಪಸು ಬಂದಿರಲಿಲ್ಲ. ಯಾಕೆಂದು ನೋಡಲು ಹೋದರೆ ಅವರು ಮಂಡಿನೋವಿನಿಂದ ಹಾಸಿಗೆ ಹಿಡಿದಿದ್ದರು. ಖಾಲಿ ತಟ್ಟೆ ಹಿಂದಿರುಗಿಸಬಾರದೆಂದು, ಏನಾದರೂ ಮಾಡಿ ತುಂಬಿಸಿ ಕೊಡಬೇಕೆಂದು ಕಾಯುತ್ತಿದ್ದರಂತೆ. ಈಗ ಆದಿತ್ಯವಾರ ಮಧ್ಯಾಹ್ನ ನಾವಿಬ್ಬರೂ ಅಲ್ಲಿಗೆ ಹೋಗುತ್ತೇವೆ. ಮೊಮ್ಮಗಳು ಅವರ ಜೊತೆ ಚೆನ್ನೆಮಣೆ ಆಡುತ್ತಾಳೆ, ಹೆಚ್ಚಾಗಿ ಸೋಲುತ್ತಾಳೆ.

ರಾತ್ರಿ ಮನೆಯಲ್ಲಿ ಮಾರ್ಕನ ಸುವಾರ್ತೆ ಹಿಡಿದಿದ್ದೇವೆ. ಅದರಲ್ಲಿರುವುದು 16 ಅಧ್ಯಾಯ. ವಾರಕ್ಕೊಂದರಂತೆ ಓದಿದರೆ ಏಪ್ರಿಲ್ ಕೊನೆಯ ಹೊತ್ತಿಗೆ ಮುಗಿಯುತ್ತದೆ. ಕೆಲವು ದಿನ ನನಗೆ ನಿದ್ದೆ, ಕೆಲವು ದಿನ ಅವಳಿಗೆ ಹೋಂವರ್ಕ್. ಒಂದು ವಾರ ತಪ್ಪಿಯೂ ಹೋಯಿತು. ಮುಂದಿನ ವಾರ ಎರಡು ಅಧ್ಯಾಯ ಓದಿ ಸರಿ ಮಾಡಿಕೊಂಡೆವು.

ಮಕ್ಕಳೇ, ಇದು ನಮ್ಮೊಬ್ಬರ ಹಬ್ಬದ ಮಾತಲ್ಲ. ಗಣಪತಿಯನ್ನು ನೀರಿಗೆ ಬಿಟ್ಟ ಮರುದಿನ, ರಂಜಾನಿನ ಉಪವಾಸ ಮುಗಿದ ಮರುದಿನ ನಿಮ್ಮ ಮನೆಯಲ್ಲಿಯೂ ಹೀಗೆ ಏನನ್ನೋ ಎತ್ತಿಡುತ್ತಾರೆ. ಆಗ ನಿಮ್ಮ ಅಜ್ಜನನ್ನೋ ಅಜ್ಜಿಯನ್ನೋ ಒಂದು ಪ್ರಶ್ನೆ ಕೇಳಿ ನೋಡಿ. ಅವರಿಗೆ ಥಟ್ಟನೆ ಉತ್ತರ ಹೊಳೆಯದಿದ್ದರೆ ಸ್ವಲ್ಪ ಕಾಯಿರಿ. ಅವರಲ್ಲಿಯೂ ಹೇಳದೆ ಉಳಿದ ಒಂದು ಕಥೆ ಇರಬಹುದು.

ನಮ್ಮ ಕುರುಬ ಇನ್ನೂ ಕ್ಯಾಲೆಂಡರಿನ ಕೆಳಗೇ ಇದ್ದಾನೆ. ಮೊನ್ನೆ ಮೈಮೇಲೆ ಧೂಳು ಕುಳಿತಿತ್ತು. ಮೊಮ್ಮಗಳು ಶಾಲೆಗೆ ಹೊರಡುವ ಮೊದಲು ಒರೆಸಿ ಹೋದಳು.