ಹಿಂದಿರುಗುವ ದಾರಿ

ಧಾರಾವಿಯಲ್ಲಿ ಬಿಡಾರ ಹೂಡಿರುವ ನಮಗೆ ವಿಳಾಸ ಹೇಳುವುದೂ ಒಂದು ವಿದ್ಯೆಯೇ ಸರಿ. 90 ಅಡಿ ರಸ್ತೆ, 60 ಅಡಿ ರಸ್ತೆ, ಮೇನ್ ರೋಡು, ಇವು ರಿಕ್ಷಾದವರಿಗೆಲ್ಲ ಗೊತ್ತು. ಆದರೆ ರಸ್ತೆಯಿಂದ ಗಲ್ಲಿ, ಗಲ್ಲಿಯಿಂದ ಸಂದಿ, ಸಂದಿಯಿಂದ ಮಾಳಿಗೆಯ ಏಣಿ, ಹೀಗೆ ಒಳಗೊಳಗೆ ಹೋಗುವುದಿದೆಯಲ್ಲ, ಅದನ್ನು ಬಾಯಿಮಾತಿನಲ್ಲಿ ಹೇಳಿ ಮುಗಿಸುವಂತಿಲ್ಲ. ಆದುದರಿಂದ ಊರಿನಿಂದ ಬರುವ ನೆಂಟರಿಗೆ ನಾವು ಹೇಳುವುದು ಇಷ್ಟೇ: "ಬಂದ ದಾರಿಯನ್ನು ನೆನಪಿನಲ್ಲಿಡಿ. ಅದೇ ದಾರಿಯಲ್ಲಿ ಹಿಂದಿರುಗಿದರೆ ರಸ್ತೆ ಸಿಕ್ಕೇ ಸಿಗುತ್ತದೆ."

ಮನೆಮನೆಯ ಮೊಬೈಲಿನಲ್ಲಿ ಸೇರಿಕೊಂಡಿರುವ ಆ್ಯಪುಗಳೂ ಇಂಥ ಊರುಗಳೇ. ಪರದೆಯ ಕೆಳಗೆ ಮೂರರಿಂದ ಐದು ಗುರುತುಗಳ ಒಂದು ಸಾಲಿರುತ್ತದೆ. ಅವಕ್ಕೆ ಟ್ಯಾಬ್ ಎಂದು ಹೆಸರು. ಅವೇ ದೊಡ್ಡ ರಸ್ತೆಗಳು. ಒಂದು ಟ್ಯಾಬಿನೊಳಗೆ ಒಂದು ಪರದೆ, ಅದರಲ್ಲಿ ಒತ್ತಿದರೆ ಇನ್ನೊಂದು, ಅದರೊಳಗೆ ಮತ್ತೊಂದು. ರೊಟ್ಟಿಯ ಮೇಲೆ ರೊಟ್ಟಿ ಪೇರಿಸಿದಂತೆ ಹೊಸ ಪರದೆ ಹಳೆಯದರ ಮೇಲೆ ಕೂರುತ್ತದೆ. ಹಿಂದಕ್ಕೆ ಹೋಗುವ ಬಾಣವನ್ನು ಒತ್ತಿದಾಗ ಮೇಲಿನದೊಂದು ತೆಗೆದು, ಅದರ ಕೆಳಗಿನದು ಕಾಣಬೇಕು. ಕೇಳುವುದಕ್ಕೆ ಇದು ಬಹು ಸುಲಭ. ತೊಡಕು ಹುಟ್ಟುವುದು ಒಂದು ರಸ್ತೆಯಿಂದ ಇನ್ನೊಂದಕ್ಕೆ ದಾಟಿದಾಗ.

ನಮ್ಮ ನೆರೆಯಲ್ಲಿ ಕಲಬುರಗಿ ಕಡೆಯ ತಾಯಿಯೊಬ್ಬರಿದ್ದಾರೆ. ಕಳೆದ ವರ್ಷ ಮಗಳ ವಿದ್ಯಾರ್ಥಿವೇತನಕ್ಕೆ ಒಂದು ಆ್ಯಪಿನಲ್ಲಿ ಅರ್ಜಿ ತುಂಬುತ್ತಿದ್ದರು. ಮೂರು ಪುಟ ಮುಗಿದು ನಾಲ್ಕನೆಯದರಲ್ಲಿ ಬ್ಯಾಂಕಿನ ಖಾತೆಯ ಸಂಖ್ಯೆ ಕೇಳಿತು. ಪಾಸ್‌ಬುಕ್ಕಿನ ಚಿತ್ರ ಅದೇ ಆ್ಯಪಿನ ದಾಖಲೆಗಳ ಟ್ಯಾಬಿನಲ್ಲಿತ್ತು. ಅದನ್ನು ನೋಡಿಕೊಂಡು ಮರಳಿ ಬಂದರೆ ಮೊದಲನೆಯ ಪುಟ, ಅದೂ ಖಾಲಿ!

"ತಮ್ಮಾ, ನಾ ಬರದಿದ್ದೆಲ್ಲ ಎಲ್ಲಿ ಹೋತು?" ಎಂದು ಅವರು ಪಕ್ಕದ ಮನೆಯ ಹುಡುಗನನ್ನು ಕೇಳಿದರು.

"ಅಕ್ಕಾ, ಟ್ಯಾಬ್ ಬದಲಿಸಿದ್ರಿ, ಅದು ಎಲ್ಲಾ ಮರ್ತುಬಿಡ್ತು" ಎಂದ ಆತ.

ಮರುದಿನವೇ ಕಡೆಯ ದಿನ. ಹುಡುಗ ರಾತ್ರಿ ಕೂತು ಮತ್ತೆ ತುಂಬಿಸಿಕೊಟ್ಟ, ಅರ್ಜಿ ಹೋಯಿತು. ಪಕ್ಕದಲ್ಲಿ ಅಂಥ ಹುಡುಗನಿಲ್ಲದ ಮನೆಗಳ ಗತಿಯೇನು? ಅಕ್ಷರ ಕೂಡಿಸಿ ಓದುವವರು ಒಮ್ಮೆ ಹೀಗೆ ಮೋಸಹೋದರೆ ತಪ್ಪು ತಮ್ಮದೇ ಎಂದುಕೊಂಡು ಮತ್ತೆ ಆ ಯಂತ್ರವನ್ನು ಮುಟ್ಟುವುದಿಲ್ಲ.

ಹೀಗಾಗುವುದೇಕೆ? ಕೆಲವು ಆ್ಯಪುಗಳಲ್ಲಿ ಎಲ್ಲ ಟ್ಯಾಬುಗಳಿಗೂ ಸೇರಿ ಒಂದೇ ಪೇರು. ಬೇರೆ ಕೆಲವು ಟ್ಯಾಬ್ ಬದಲಿಸಿದೊಡನೆ ಹಳೆಯ ಪೇರನ್ನೇ ಎಸೆದುಬಿಡುತ್ತವೆ. ಸರಿಯಾದ ಕ್ರಮವೆಂದರೆ ಪ್ರತಿ ಟ್ಯಾಬಿಗೂ ತನ್ನದೇ ಪೇರು. ಐಫೋನಿಗೆ ಹೊರಗಿನವರೂ ಆ್ಯಪ್ ಬರೆಯಲು 2008ರಲ್ಲಿ ಅವಕಾಶ ದೊರೆತಂದಿನಿಂದ ಅಲ್ಲಿ ಇದೇ ರೂಢಿ. ಆಂಡ್ರಾಯ್ಡಿನಲ್ಲಿ ಬರೆಯುವವರು ಈ ಏರ್ಪಾಟನ್ನು ಬಹುಕಾಲ ತಾವೇ ಹೊಂದಿಸಿಕೊಳ್ಳಬೇಕಾಗಿತ್ತು. ಗೂಗಲ್ ಒದಗಿಸುವ ನ್ಯಾವಿಗೇಷನ್ ಲೈಬ್ರರಿಯಲ್ಲಿ ಅದು ಸೇರಿದ್ದು 2022ರಲ್ಲಿ.

ಪೇರು ಉಳಿದರೂ ಸಾಲದು. ಕಡಿಮೆ ಬೆಲೆಯ ಫೋನಿನಲ್ಲಿ ಮೆಮೊರಿ ಕಡಿಮೆ. ನಡುವೆ ಒಂದು ಕರೆ ಬಂದು, ಇನ್ನೆರಡು ಆ್ಯಪ್ ತೆರೆದರೆ ಫೋನು ಹಿಂದಿನ ಆ್ಯಪನ್ನು ಸದ್ದಿಲ್ಲದೆ ಮುಚ್ಚಿಬಿಡಬಹುದು. ಆದುದರಿಂದ ಬರೆದ ಪ್ರತಿಯೊಂದು ಸಾಲನ್ನೂ ಆಗಿಂದಾಗಲೇ ಫೋನಿನಲ್ಲಿ ಉಳಿಸಿಡಬೇಕು. ಇನ್ನೊಂದು ಮಾತು. ಸೂಚನೆಯ ಸಂದೇಶವೊಂದನ್ನು ಒತ್ತಿ ನೇರವಾಗಿ ಒಳಗಿನ ಪರದೆಗೆ ಬಂದವರು ಹಿಂದಕ್ಕೆ ಒತ್ತಿದರೆ ಆ ಟ್ಯಾಬಿನ ಮೊದಲ ಪರದೆ ಕಾಣಬೇಕೇ ಹೊರತು ಆ್ಯಪಿನಿಂದಲೇ ಆಚೆಗೆ ಬೀಳಬಾರದು.

ಇದು ದೂರದ ಪಂಡಿತರ ವಿಷಯವೆಂದು ಓದುಗರು ತಿಳಿಯಬೇಕಾಗಿಲ್ಲ. ನಮ್ಮ ಧಾರಾವಿಯ ನಯಾನಗರದ ಹೆಣ್ಣುಮಕ್ಕಳೇ ಆ್ಯಪ್ ಕಟ್ಟಿದ್ದಾರೆ. ಚಿತ್ರ ನಿರ್ದೇಶಕ ನವನೀತ್ ರಂಜನ್ ಅವರು ನಡೆಸಿದ 'ಧಾರಾವಿ ಡೈರಿ' ಎಂಬ ಕಾರ್ಯದಲ್ಲಿ, ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಆ್ಯಪ್ ಇನ್ವೆಂಟರ್ ಎಂಬ ಉಚಿತ ಸಾಧನವನ್ನು ಕಲಿತು, ಅಪಾಯದಲ್ಲಿ ಸಿಕ್ಕ ಹೆಂಗಸರಿಗಾಗಿ 'ವುಮೆನ್ ಫೈಟ್ ಬ್ಯಾಕ್', ನಲ್ಲಿಯ ಸರದಿಗಾಗಿ 'ಪಾನಿ' ಎಂಬ ಆ್ಯಪುಗಳನ್ನು ಅವರು ರೂಪಿಸಿದರು. ಬಣ್ಣದ ತುಂಡುಗಳನ್ನು ಜೋಡಿಸಿದಂತೆ ಆದೇಶಗಳನ್ನು ಜೋಡಿಸುವ ಸಾಧನ ಅದು.

ಆ ಸಾಧನದಲ್ಲಿಯೂ ಇದೇ ಪಾಠವುಂಟು. ಒಳಗಿನ ಪರದೆಯಿಂದ ಮೊದಲಿನದಕ್ಕೆ ಮರಳಬೇಕಾದರೆ ಒಳಗಿನದನ್ನು ಮುಚ್ಚಬೇಕು. ಅದರ ಬದಲು ಮೊದಲಿನದನ್ನೇ 'ಇನ್ನೊಂದು ಪರದೆ ತೆರೆ' ಎಂಬ ಆದೇಶದಿಂದ ಮತ್ತೆ ತೆರೆದರೆ, ನೋಡುವವರಿಗೆ ಹಿಂದೆ ಬಂದಂತೆಯೇ ಕಾಣುತ್ತದೆ. ಅಡಿಯಲ್ಲಿ ಮಾತ್ರ ಪರದೆಗಳು ರಾಶಿ ಬೀಳುತ್ತ ಹೋಗಿ, ಕೊನೆಗೆ ಮೆಮೊರಿ ಸಾಲದೆ ಆ್ಯಪ್ ನಿಂತುಹೋಗಬಹುದು. ನೀರಿನ ಸರದಿ ನೋಡುವಾಗ ನಿಂತರೆ ಒಂದು ಕೊಡ ತಪ್ಪೀತು. ಕತ್ತಲ ಸಂದಿಯಲ್ಲಿ ಸಹಾಯಕ್ಕಾಗಿ ಒತ್ತುವಾಗ ನಿಂತರೆ? ಅಂಥ ಗುಂಡಿ ಯಾವ ಟ್ಯಾಬಿನ ಒಳಗೂ ಹುದುಗಿರಬಾರದು. ಅದು ಹೊಸ್ತಿಲಲ್ಲೇ ಇರಬೇಕೆಂಬುದು ನಮ್ಮ ಅಭಿಪ್ರಾಯ.

ನಮ್ಮ ಸಂಘದ ತರುಣರೂ ಸದಸ್ಯರಿಗಾಗಿ ಒಂದು ಆ್ಯಪ್ ಮಾಡುವ ಉತ್ಸಾಹದಲ್ಲಿದ್ದಾರೆ. ಸಂತೋಷ. ಸುದ್ದಿ, ಸಮಾರಂಭ, ವಿದ್ಯಾರ್ಥಿವೇತನ, ನೆರವು ಎಂದು ನಾಲ್ಕು ಟ್ಯಾಬ್ ಎಂದಿದ್ದಾರೆ. ಬಣ್ಣ, ಚಿತ್ರ, ಲಾಂಛನಗಳ ಚರ್ಚೆಯಲ್ಲಿ ಎರಡು ಭಾನುವಾರ ಕಳೆದವು. ಅವರಲ್ಲಿ ನಮ್ಮದೊಂದು ವಿನಂತಿ. ಆ್ಯಪ್ ಬಿಡುಗಡೆ ಮಾಡುವ ಮುನ್ನ ಅದನ್ನು ಆ ಕಲಬುರಗಿಯ ತಾಯಿಯ ಕೈಗೆ ಕೊಡಿರಿ. ಅರ್ಜಿಯನ್ನು ಅರ್ಧ ತುಂಬಲಿ, ನಡುವೆ ಸುದ್ದಿ ನೋಡಲಿ, ಯಾರದೋ ಕರೆಗೆ ಓಗೊಡಲಿ, ಒಲೆಯ ಮೇಲಿನ ಸಾರು ಇಳಿಸಿ ಬರಲಿ. ಮರಳಿ ಬಂದಾಗ ಅವರ ಅಕ್ಷರಗಳು ಇದ್ದಲ್ಲಿಯೇ ಇದ್ದರೆ ಆ್ಯಪ್ ಸಿದ್ಧವಾಯಿತೆಂದು ತಿಳಿಯಿರಿ. ಲಾಂಛನದ ಬಣ್ಣವನ್ನು ಆಮೇಲೆ ನಿಶ್ಚಯಿಸೋಣ.