ಬಿಡುವಿಗೆ ಯಾವ ಕ್ರಿಯಾಪದ?

ನಾವು ಕ್ರಿಕೆಟ್ ಆಡುತ್ತೇವೆ. ಆದರೆ ಕೊಳಲು ಊದುತ್ತೇವೆ, ದಫ್ ಬಾರಿಸುತ್ತೇವೆ, ವೀಣೆ ನುಡಿಸುತ್ತೇವೆ. ಫ್ರೆಂಚರಿಗೆ ಇವೆಲ್ಲಕ್ಕೂ ‘ಜೂಏ’ ಎಂಬ ಒಂದೇ ಕ್ರಿಯಾಪದ ಸಾಕು. ವ್ಯತ್ಯಾಸ ತೋರಿಸುವುದು ಅದರ ನಂತರ ಬರುವ ಪುಟ್ಟ ಪದ. ಆಟವಾದರೆ ‘ಆ’, ವಾದ್ಯವಾದರೆ ‘ದ’.

ಪುಲ್ಲಿಂಗ ಪದ ಎದುರಾದರೆ ‘ಆ’ ಹೋಗಿ ‘ಓ’ ಆಗುತ್ತದೆ, ‘ದ’ ಹೋಗಿ ‘ದ್ಯು’ ಆಗುತ್ತದೆ. ಫುಟ್‌ಬಾಲ್ ಆಡುವುದು ‘ಜೂಏ ಓ ಫುತ್ಬೋಲ್’, ಪಿಯಾನೋ ನುಡಿಸುವುದು ‘ಜೂಏ ದ್ಯು ಪಿಯಾನೋ’. ಗಿಟಾರ್ ಸ್ತ್ರೀಲಿಂಗ, ಆದ್ದರಿಂದ ‘ದ ಲಾ ಗಿತಾರ್’. ಚೆಸ್ಸಿಗೆ ಅವರು ‘ಎಶೆಕ್’ ಎನ್ನುತ್ತಾರೆ. ಅದು ನಮ್ಮ ಪರಿಚಯದ ‘ಶಾಹ್’. ಪಾರಸಿಯಿಂದ ಅರಬಿಗೆ, ಅಲ್ಲಿಂದ ಯುರೋಪಿಗೆ ಹೋದದ್ದು. ‘ಲ್ಯೂತ್’ ಎಂಬ ತಂತಿವಾದ್ಯವೂ ಅರಬರ ‘ಅಲ್ ಊದ್’. ಪರಭಾಷೆಯ ಪುಸ್ತಕದಲ್ಲಿ ಇಂಥ ನೆಂಟರು ಸಿಕ್ಕಿದರೆ ಕಲಿಯುವ ಹೆದರಿಕೆ ಅರ್ಧ ಇಳಿಯುತ್ತದೆ.

ಈಜು, ಸೈಕಲ್ ಸವಾರಿಗಳಿಗೆ ‘ಜೂಏ’ ಸಲ್ಲದು. ಅಲ್ಲಿ ‘ಫೇರ್’, ಅಂದರೆ ‘ಮಾಡು’. ‘ಫೇರ್ ದ ಲಾ ನತಾಸ್ಯೋ’ ಎಂದರೆ ಈಜುವುದು, ‘ಫೇರ್ ದ್ಯು ವೇಲೋ’ ಎಂದರೆ ಸೈಕಲ್ ತುಳಿಯುವುದು.

ನನ್ನ ಕುತೂಹಲ ಕೆರಳಿದ್ದು ಮನೆಗೆಲಸದ ಪಟ್ಟಿ ಬಂದಾಗ. ಅಡುಗೆ ಮಾಡುವುದು ‘ಫೇರ್ ಲಾ ಕ್ವಿಜಿನ್’, ಪಾತ್ರೆ ತೊಳೆಯುವುದು ‘ಫೇರ್ ಲಾ ವೇಸೆಲ್’, ಬಟ್ಟೆ ಒಗೆಯುವುದು ‘ಫೇರ್ ಲಾ ಲೆಸೀವ್’. ಕ್ರಿಯಾಪದ ಅದೇ, ಆದರೆ ‘ದ’ ಮಾಯ! ಈಜನ್ನು ಇಷ್ಟು ಬಂದಷ್ಟು ಮಾಡಬಹುದು. ಪಾತ್ರೆಯನ್ನು ಸ್ವಲ್ಪ ತೊಳೆದು ಎದ್ದು ಹೋಗುವಂತಿಲ್ಲ ಎಂದು ನಾನು ಅರ್ಥ ಮಾಡಿಕೊಂಡೆ. ವ್ಯಾಕರಣ ಪಂಡಿತರು ಒಪ್ಪದಿದ್ದರೂ ಗೃಹಿಣಿಯರು ಒಪ್ಪುತ್ತಾರೆ. ‘ನಾನು ಈಜುವುದಿಲ್ಲ’ ಎನ್ನುವಾಗ ‘ದ ಲಾ’ದಿಂದ ‘ಲಾ’ ಕಳಚಿಕೊಳ್ಳುತ್ತದೆ. ‘ನಾನು ಅಡುಗೆ ಮಾಡುವುದಿಲ್ಲ’ ಎಂದರೂ ಅಡುಗೆಯ ‘ಲಾ’ ಅಲ್ಲೇ ಕುಳಿತಿರುತ್ತದೆ. ಇಲ್ಲವೆಂದರೂ ಬಿಡದ ಕೆಲಸ!

ಪಿಯುಸಿಯಲ್ಲಿ ಫ್ರೆಂಚ್ ತೆಗೆದುಕೊಂಡಿರುವ ಮಗಳಿಗೆ ‘ಮನೆಯವರ ಬಿಡುವಿನ ವೇಳೆ’ ಕುರಿತು ಬರೆಯಲು ಹೇಳಿದ್ದರು. ಅಪ್ಪನಿಗೆ ಬ್ಯಾಡ್ಮಿಂಟನ್, ತಮ್ಮನಿಗೆ ಸೈಕಲ್, ನನಗೆ ‘ಎಲ್ ಫೇ ಲಾ ಕ್ವಿಜಿನ್’. ವ್ಯಾಕರಣದಲ್ಲಿ ಒಂದಕ್ಷರ ತಪ್ಪಿಲ್ಲ.

“ಮೂರು ಹೊತ್ತಿನ ಅಡುಗೆ ಬಿಡುವಾಯಿತೇನೇ?” ಎಂದು ಕೇಳಿದೆ.

“ಮತ್ತೇನು ಬರೆಯಲಿ? ನೀವು ಬೇರೇನೂ ಮಾಡುವುದು ನಾನು ನೋಡಿಲ್ಲ,” ಎಂದಳು.

ಅಸರ್ ನಮಾಝ್ ಮುಗಿಸಿ ಮಗ್ರಿಬ್ ಬಾಂಗ್ ಕೇಳುವವರೆಗೆ ಕಿಟಕಿ ಬಳಿ ನಾನು ಕಸೂತಿ ಹಾಕುವುದು ಅವಳು ಹುಟ್ಟುವ ಮೊದಲಿನಿಂದ ಇದೆ. ಅವಳ ದುಪಟ್ಟಾದ ಅಂಚಿನಲ್ಲೂ ಇದೆ. ನಿಘಂಟು ತೆರೆಸಿದೆ. ಕಸೂತಿಗೆ ‘ಬ್ರೊದ್ರೀ’. ಬಳಕೆ ‘ಫೇರ್ ದ ಲಾ ಬ್ರೊದ್ರೀ’. ನೋಡಿ, ಈಜಿನ ಸಾಲಿನಲ್ಲೇ ಕುಳಿತಿದೆ, ಪಾತ್ರೆಯ ಸಾಲಿನಲ್ಲಲ್ಲ. ಅವಳು ಹಳೆಯ ಸಾಲು ಹೊಡೆದು ಹೊಸದು ಬರೆದಳು.

ಅಷ್ಟರಲ್ಲಿ ಅತ್ತೆಯವರು ತಮ್ಮದೇನು ಬರೆದೆ ಎಂದು ವಿಚಾರಿಸಿದರು. ಮದುವೆಗೆ ಮುಂಚೆ ಊರ ಹೊಳೆಯಲ್ಲಿ ಈ ದಡದಿಂದ ಆ ದಡಕ್ಕೆ ಈಜುತ್ತಿದ್ದರಂತೆ. ಮೊಮ್ಮಗಳು ಪೆನ್ನು ಹಿಡಿದವಳು ತಡೆದಳು. ‘ಈಜುತ್ತಿದ್ದರು’ ಎನ್ನಲು ಬೇಕಾದ ಭೂತಕಾಲ ಮುಂದಿನ ಪಾಠದಲ್ಲಿದೆ.