ಕಾಮಾ ಇಲ್ಲದ ಜಯನಗರ

ಜೂನ್ 9, 2025, ಸೋಮವಾರ

ಜೆ.ಪಿ. ನಗರದ ಕಾಂಡಿಮೆಂಟ್ಸ್ ಅಂಗಡಿಯವರ ಆರ್ಡರ್ ಪುಟದ ಕೆಲಸ ಕೈಗೆ ಬಂತು. ವಿಳಾಸಕ್ಕೆ ಇರುವುದು ಒಂದೇ ಖಾನೆ. ಅವರಿಗೆ ಬೇಕಾದದ್ದು ಮೇನ್, ಕ್ರಾಸ್, ಬ್ಲಾಕ್, ಪಿನ್ ಎಲ್ಲ ಬೇರೆ ಬೇರೆ. "ಹುಡುಗರು ಬ್ಲಾಕ್ ನೋಡ್ಕೊಂಡೇ ಬ್ಯಾಗ್ ತುಂಬೋದು ಮೇಡಂ. ಸುಮ್ನೆ ಊರೆಲ್ಲಾ ಸುತ್ತಿದ್ರೆ ಕೋಡುಬಳೆ ಪುಡಿಯಾಗುತ್ತೆ."

ಸಾಲನ್ನು ತುಂಡು ಮಾಡುವ ಸ್ಪ್ಲಿಟ್ ಕಲಿಯುವಾಗ ಎಲ್ಲರೂ ಕತ್ತರಿಸುವುದು ಕಾಮಾದಲ್ಲಿ. ನಮ್ಮ ಗಿರಾಕಿಗಳು ಬರೆಯುವುದು ಹೀಗೆ (ಮನೆ ನಂಬರ್ ಬಿಟ್ಟಿದ್ದೇನೆ): "26ನೇ ಮೇನ್ 36ನೇ ಕ್ರಾಸ್, 4ನೇ ಟಿ ಬ್ಲಾಕ್ ಜಯನಗರ 560 041". ಇರುವ ಒಂದು ಕಾಮಾ ಕೂಡ ಉಸಿರು ಎಳೆದುಕೊಳ್ಳಲು ಹಾಕಿದ್ದು. ಚುಕ್ಕಿಯಲ್ಲೂ ಕತ್ತರಿಸೋಣವೆಂದರೆ ಬಿ.ಟಿ.ಎಂ. ಮೂರು ತುಂಡು. ಬೈರಸಂದ್ರ, ತಾವರೆಕೆರೆ, ಮಡಿವಾಳ ಸೇರಿ ಆದ ಹೆಸರು ಅದು. ಮತ್ತೆ ಮೂರು ಊರು ಮಾಡುವ ಹಕ್ಕು ನನಗಿಲ್ಲ. ಓರೆಗೆರೆ ಮನೆ ನಂಬರಿನದೇ ಭಾಗ, ಅದನ್ನು ಮುಟ್ಟುವಂತಿಲ್ಲ.

ಜೂನ್ 10, ಮಂಗಳವಾರ

ನಡುವೆ ಏನಿದೆ ಎಂದು ಹುಡುಕುವುದನ್ನು ಬಿಟ್ಟು, ಮುಂದಿನ ತುಂಡು ಹೇಗೆ ಶುರುವಾಗುತ್ತದೆ ಎಂದು ನೋಡಬೇಕು. ನಮ್ಮ ಕಡೆ ಅದು ಅಂಕಿ, ಅದರ ಬೆನ್ನಿಗೆ "ನೇ". ಪಠ್ಯದ ಮಾದರಿ ಬರೆಯುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ಲುಕ್‌ಅಹೆಡ್ ಇರುವುದೇ ಇದಕ್ಕೆ. ಮುಂದೆ ಇಣುಕುತ್ತದೆ, ಏನನ್ನೂ ನುಂಗುವುದಿಲ್ಲ:

[, ]+(?=[0-9೦-೯]+ ?ನೇ)

ಮೇನ್, ಕ್ರಾಸ್ ಬಿಡಿಬಿಡಿಯಾಗಿ ಬಂದವು. ಬ್ಲಾಕಿಗೆ ಜಯನಗರ ಅಂಟಿಕೊಂಡೇ ಇದೆ, ಅದನ್ನು ಆಮೇಲೆ ನೋಡಿದರಾಯಿತು. ಪಿನ್ ಅನ್ನು ಮೊದಲೇ ಬಾಲದಿಂದ ಕಿತ್ತುಕೊಂಡೆ: ಆರು ಅಂಕಿ, ನಡುವೆ ಒಂದು ಜಾಗ ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಕನ್ನಡ ಅಂಕಿಗಳನ್ನು ನಾನೇ ಸೇರಿಸಬೇಕಾಯಿತು. ಜಾವಾಸ್ಕ್ರಿಪ್ಟ್‌ನಲ್ಲಿ ಅಂಕಿಗೆ ಇರುವ ಸಂಕ್ಷಿಪ್ತ ಗುರುತಿಗೆ 0ಯಿಂದ 9 ಮಾತ್ರ ಗೊತ್ತು. ಬನಶಂಕರಿಯ ಹಿರಿಯರೊಬ್ಬರ "೩ನೇ ಸ್ಟೇಜ್" ಅದರ ಕಣ್ಣಿಗೆ ಅಂಕಿಯೇ ಅಲ್ಲ.

ಸಂಜೆ ಇನ್ನೊಂದು ತಮಾಷೆ. ಕಣ್ಣಿಗೆ ಒಂದೇ ಥರ ಕಾಣುವ ಎರಡು "ನೇ"ಗಳಲ್ಲಿ ಒಂದು ಸಿಕ್ಕಿತು, ಒಂದು ಸಿಗಲಿಲ್ಲ. ಯೂನಿಕೋಡ್‌ನಲ್ಲಿ ಏತ್ವದ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘದ ಗುರುತು ಎಂದು ಎರಡಾಗಿಯೂ ಬರೆಯಬಹುದು. ಕತ್ತರಿಸುವ ಮೊದಲು ನಾರ್ಮಲೈಸ್ ಮಾಡಿದರೆ ಎರಡೂ ಒಂದೇ ರೂಪಕ್ಕೆ ಬರುತ್ತವೆ. ಕನ್ನಡ ಪಠ್ಯ ಮುಟ್ಟುವ ಯಾವ ಪ್ರೋಗ್ರಾಮರ್‌ಗೂ ಇದು ಮೊದಲ ಸಾಲಾಗಿರಬೇಕು. ಕಲಿಸುವ ಪುಸ್ತಕಗಳಲ್ಲಿ ಇದನ್ನು ಹುಡುಕಬೇಕು.

ಜೂನ್ 12, ಗುರುವಾರ

ಊರಿನ ಅಳತೆಯೇ ಬಡಾವಣೆಗೊಂದು. ಜಯನಗರದಲ್ಲಿ ಬ್ಲಾಕ್, ಜೆ.ಪಿ. ನಗರದಲ್ಲಿ ಫೇಸ್, ಬನಶಂಕರಿ ಮತ್ತು ಬಿ.ಟಿ.ಎಂ.ನಲ್ಲಿ ಸ್ಟೇಜ್. ಮೂರನ್ನೂ ಒಂದೇ ಆವರಣದಲ್ಲಿಟ್ಟೆ: (ಬ್ಲಾಕ್|ಸ್ಟೇಜ್|ಫೇಸ್). ಹುಡುಕಾಟಕ್ಕೆ ಇದು ಚೆನ್ನ. ಸ್ಪ್ಲಿಟ್‌ನೊಳಗೆ ಇಟ್ಟರೆ ಮಾತ್ರ ಎಚ್ಚರ ಬೇಕು, ಆವರಣಕ್ಕೆ ಸಿಕ್ಕ ಪದವೂ ಉತ್ತರದ ಪಟ್ಟಿಯಲ್ಲಿ ಬಂದು ಕೂರುತ್ತದೆ. ಎಷ್ಟೋ ಸಲ ಅದೇ ಬೇಕಾಗಿರುತ್ತದೆ ಅನ್ನುವುದು ಬೇರೆ ಮಾತು.

ಸರ್ವರ್ ಕಡೆ ಹಳೆಯ ಪಿಎಚ್‌ಪಿ. ಎರಡೇ ತುಂಡು ಸಾಕು ಎಂದರೆ ಅಲ್ಲಿ ಮಿಕ್ಕದ್ದೆಲ್ಲ ಎರಡನೆಯ ತುಂಡಿನಲ್ಲಿ ಉಳಿಯುತ್ತದೆ. ಜಾವಾಸ್ಕ್ರಿಪ್ಟ್ ಮಿಕ್ಕದ್ದನ್ನು ಎಸೆದೇ ಬಿಡುತ್ತದೆ. ಎರಡು ಕಡೆ ಒಂದೇ ಸಾಲು ಬರೆದು, ಉತ್ತರವೂ ಒಂದೇ ಎಂದು ನಂಬಬಾರದು.

ಜೂನ್ 14, ಶನಿವಾರ

ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಈ ವಿದ್ಯೆಯ ಬೇರು ಹುಡುಕಿ ಕೂತೆ. 1951ರಲ್ಲಿ ಗಣಿತಜ್ಞ ಸ್ಟೀಫನ್ ಕ್ಲೇನಿ ನರಜಾಲಗಳ ಮಾದರಿಯ ಬಗ್ಗೆ ಬರೆಯುತ್ತ ಕಟ್ಟಿದ್ದು ಇದು. 1968ರಲ್ಲಿ ಕೆನ್ ಥಾಂಪ್ಸನ್ ಅದನ್ನು ಪಠ್ಯದಲ್ಲಿ ಹುಡುಕುವ ಕೆಲಸಕ್ಕೆ ಹಚ್ಚಿದರು. ಈಗ ಅದು ಜೆ.ಪಿ. ನಗರದಲ್ಲಿ ಚಕ್ಕುಲಿ ಹಂಚುತ್ತಿದೆ.

"ರಾಗಿಗುಡ್ಡ ದೇವಸ್ಥಾನದ ಎದುರು, ನೀಲಿ ಗೇಟು" ಎಂದಷ್ಟೇ ಬರೆಯುವವರಿಗೆ ಯಾವ ಮಾದರಿಯೂ ಇಲ್ಲ, ಬರೆಯುವುದೂ ಬೇಡ. ತುಂಡುಗಳು ಗಂಟು ಕಟ್ಟುವುದಕ್ಕೆ ಮಾತ್ರ. ಗಿರಾಕಿ ಬರೆದ ಮೂಲ ಸಾಲು ಹಾಗೆಯೇ ಒಂದು ಕಾಲಂನಲ್ಲಿ ಉಳಿಯುತ್ತದೆ, ಬಾಗಿಲು ಹುಡುಕುವ ಹುಡುಗನ ಫೋನಿನಲ್ಲಿ ಕಾಣುವುದೂ ಅದೇ.